ಬಿನ್ನವತ್ತಳೆಗೆ ಸಿಗದ ಕೆಲಸ: ರಾಮನಗರದ ಶಾಲೆಯೊಂದರ ಸಮಾಜ ಕಾರ್ಯಕರ್ತೆಯ ಪ್ರಕರಣ ಅಧ್ಯಯನ

2023ರ ಮಾರ್ಚ್ ತಿಂಗಳ ಎರಡನೆಯ ವಾರ ನಮ್ಮ ಶಾಲೆಯ ಮುಖ್ಯೋಪಾಧ್ಯಾಯರು ನನ್ನನ್ನು ಕರೆದು, ಹದಿನಾಲ್ಕು ವರ್ಷ ನಮ್ಮೊಡನೆ ದುಡಿದು ಆ ತಿಂಗಳ ಕೊನೆಗೆ ನಿವೃತ್ತರಾಗಲಿದ್ದ ಸಮಾಜ ಕಾರ್ಯಕರ್ತೆಗೆ ಬೀಳ್ಕೊಡುಗೆಯ ದಿನ ಓದಿ ಒಪ್ಪಿಸಲು ಒಂದು ಬಿನ್ನವತ್ತಳೆ ಬರೆದುಕೊಡಿ ಎಂದರು. ಕನ್ನಡ ಮೇಷ್ಟ್ರಿಗೆ ಇಂಥ ಕೆಲಸ ಹೊಸದಲ್ಲ. ಸೇವೆಗೆ ಸೇರಿದ ವರ್ಷ, ಬೋಧಿಸಿದ ವಿಷಯ, ತರಗತಿಯ ಶೇಕಡಾವಾರು ಫಲಿತಾಂಶ, ಪಡೆದ ಪ್ರಶಸ್ತಿ ಇವಿಷ್ಟನ್ನು ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡರೆ 'ಸಹೃದಯಿ', 'ಅಜಾತಶತ್ರು', 'ಕಾಯಕಯೋಗಿ' ಎಂಬ ವಿಶೇಷಣಗಳು ಕರೆಯದೆಯೇ ಬಂದು ಸಾಲಾಗಿ ಕೂರುತ್ತವೆ. ನಾನು ಅಂಥವನ್ನು ಹತ್ತಿಪ್ಪತ್ತು ಬರೆದಿದ್ದೇನೆ. ಈ ಸಲ ಮಾತ್ರ ಹಾಳೆ ಮೂರು ದಿನ ಖಾಲಿಯೇ ಉಳಿಯಿತು.

ಚೀಟಿಗೆ ಬೇಕಾದ ಸಂಗತಿಗಳಿಗಾಗಿ ಶಾಲೆಯ ದಾಖಲೆಗಳನ್ನು ತೆಗೆದೆ. ಶಿಕ್ಷಕರ ಹಾಜರಾತಿ ಪುಸ್ತಕದಲ್ಲಿ ಅವರ ಹೆಸರಿಲ್ಲ, ಏಕೆಂದರೆ ಅವರಿಗೆ ಸಂಬಳ ಕೊಡುತ್ತಿದ್ದುದು ಇಲಾಖೆಯಲ್ಲ, ಒಂದು ಸ್ವಯಂಸೇವಾ ಸಂಸ್ಥೆ. ತಪಾಸಣಾ ವರದಿಗಳಲ್ಲಿ ಕಟ್ಟಡದ ಸ್ಥಿತಿ, ಶೌಚಾಲಯ, ಬಿಸಿಯೂಟದ ಅಕ್ಕಿಯ ದಾಸ್ತಾನು, ಮಕ್ಕಳ ಕಲಿಕಾ ಮಟ್ಟ ಎಲ್ಲವೂ ಇದ್ದವು, ಅವರಿರಲಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್.ಡಿ.ಎಂ.ಸಿ.) ನಡಾವಳಿಯಲ್ಲಿ ಎರಡು ಕಡೆ 'ಸಂಸ್ಥೆಯ ಮೇಡಂ' ಎಂಬ ಮಾತು ಬಂದಿತ್ತು, ಅದರಲ್ಲೊಂದು ಸ್ವಾತಂತ್ರ್ಯ ದಿನದ ಸಿಹಿ ಹಂಚಿಕೆಗೆ ಸಂಬಂಧಪಟ್ಟದ್ದು. ಹದಿನಾಲ್ಕು ವರ್ಷದ ಗುಂಪು ಫೋಟೊಗಳ ಪೈಕಿ ಮೂರರಲ್ಲಿ ಮಾತ್ರ ಅವರು ನಿಂತಿದ್ದಾರೆ. ಉಳಿದ ವರ್ಷಗಳಲ್ಲಿ ಫೋಟೊಗ್ರಾಫರ್ ಬಂದ ಹೊತ್ತಿಗೆ ಯಾವುದೋ ಮಗುವಿನ ಮನೆಗೆ ಹೋಗಿದ್ದರು.

ಅವರ ದುಡಿಮೆಯ ಫಲ ಎಲ್ಲಾದರೂ ಇದ್ದರೆ ಅದು ಮಕ್ಕಳ ಹಾಜರಾತಿ ಪುಸ್ತಕದಲ್ಲಿರಬೇಕು ಎಂದು ಅದನ್ನೂ ತಿರುವಿಹಾಕಿದೆ. ಅಲ್ಲಿ ತೊಡಕು ಇನ್ನೂ ಹೆಚ್ಚಾಯಿತು. ಇಪ್ಪತ್ತು ದಿನ ಕಾಣೆಯಾಗಿದ್ದು ಮರಳಿ ಬಂದ ಮಗುವಿಗೆ ನಾವು ಹಾಕುವ ಗುರುತು, ಒಂದು ದಿನವೂ ತಪ್ಪಿಸದೆ ಬಂದ ಮಗುವಿಗೆ ಹಾಕುವ ಗುರುತೇ. ಆ ಒಂದು ಗುರುತಿನ ಹಿಂದೆ ಯಾರು ಎಷ್ಟು ಸಲ ಯಾವ ಬೀದಿ ಅಲೆದರು ಎಂಬುದಕ್ಕೆ ಪುಸ್ತಕದಲ್ಲಿ ಅಂಕಣವಿಲ್ಲ. ಮಗು ಶಾಲೆ ಬಿಟ್ಟರೆ ದಾಖಲೆಯಾಗುತ್ತದೆ, ಬಿಡುವುದು ತಪ್ಪಿದರೆ ಆಗುವುದಿಲ್ಲ. ಈ ಅಧ್ಯಯನ ಹುಟ್ಟಿದ್ದು ಆ ಖಾಲಿ ಹಾಳೆಯಿಂದ. ಶಾಲೆಯ, ಸಂಸ್ಥೆಯ, ವ್ಯಕ್ತಿಗಳ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ವಿವರವಾಗಿ ಬರುವ ಹುಡುಗಿ ಈಗ ವಯಸ್ಕಳು. ಅವಳು ಕರಡನ್ನು ಓದಿ, ತಿದ್ದಿ, ಒಪ್ಪಿಗೆ ಕೊಟ್ಟ ಮೇಲೆಯೇ ಇದನ್ನು ಹೊರಗಿಡುತ್ತಿದ್ದೇನೆ. ಅವಳ ಒಪ್ಪಿಗೆ ಕೇಳಬೇಕೆಂದು ಷರತ್ತು ಹಾಕಿದವರು ಸಮಾಜ ಕಾರ್ಯಕರ್ತೆಯೇ.

ಊರು, ಶಾಲೆ, ಹುದ್ದೆ

ನಮ್ಮದು ರಾಮನಗರದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡ ಈ ಜಿಲ್ಲೆಯ ಕೇಂದ್ರ ಊರು ಹೊರಗಿನವರಿಗೆ ಬೆಟ್ಟದ ಬಂಡೆಗಳಿಂದ ಪರಿಚಿತ. ಒಳಗಿನವರಿಗೆ ಅದು ಗೂಡಿನ ಊರು. ಇಲ್ಲಿನ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಗೆ ಸುತ್ತಲಿನ ತಾಲ್ಲೂಕುಗಳಿಂದಲೂ ಹೊರರಾಜ್ಯಗಳಿಂದಲೂ ಗೂಡು ಬರುತ್ತದೆ, ಹರಾಜಾದ ಲಾಟುಗಳು ಕೇರಿಗಳೊಳಗೆ ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆ ಘಟಕಗಳಿಗೆ ಹೋಗುತ್ತವೆ. ಸ್ವಯಂಚಾಲಿತ ಯಂತ್ರಗಳ ದೊಡ್ಡ ಘಟಕಗಳು ಈಗ ಬಂದಿದ್ದರೂ ಮನೆಗೆ ಅಂಟಿಕೊಂಡ ತಗಡಿನ ಮಾಡಿನ ಕೆಳಗೆ ನಾಲ್ಕಾರು ಬೇಸಿನ್ ಇಟ್ಟುಕೊಂಡು ನೂಲು ಬಿಚ್ಚುವವರು ಇನ್ನೂ ಇದ್ದಾರೆ. ಗೂಡನ್ನು ಬೇಯಿಸಿ, ಬಿಸಿನೀರಿನಲ್ಲಿ ಕೈ ಆಡಿಸಿ ಎಳೆಯ ತುದಿ ಹುಡುಕಿ ಕೊಡುವ ಕೆಲಸಕ್ಕೆ ಸಣ್ಣ ಬೆರಳು ಒಳ್ಳೆಯದೆಂಬ ನಂಬಿಕೆ ಹಳೆಯದು. ಬೆಂದ ಹುಳುವಿನ ವಾಸನೆ ಬಟ್ಟೆಗೆ ಹತ್ತಿದರೆ ಒಗೆದರೂ ಹೋಗುವುದಿಲ್ಲ. ಯಾವ ಮಗು ಬೆಳಗ್ಗೆ ಘಟಕಕ್ಕೆ ಹೋಗಿ ಬಂದಿದೆ ಎಂದು ಮುಂದಿನ ಬೆಂಚಿನ ಮಕ್ಕಳಿಗೆ ಗೊತ್ತಾಗುತ್ತಿತ್ತು, ಅವರು ಮೂಗು ಮುಚ್ಚಿಕೊಳ್ಳುತ್ತಿದ್ದರು, ನಾವು ಗದರುತ್ತಿದ್ದೆವು. ಅದಕ್ಕಿಂತ ಹೆಚ್ಚಿಗೆ ನಾವು ವಿಚಾರಿಸುತ್ತಿರಲಿಲ್ಲ.

ಮಗು ಏಕೆ ಬಂದಿಲ್ಲ ಎಂದು ಕೇಳಿಕೊಂಡು ಅದರ ಮನೆಗೆ ಹೋಗುವುದೇ ಕೆಲಸವಾಗಿರುವ ಹುದ್ದೆಗೆ ಒಂದು ಶತಮಾನಕ್ಕೂ ಮೀರಿದ ಚರಿತ್ರೆಯಿದೆ. ಅಮೆರಿಕದ ನ್ಯೂಯಾರ್ಕ್, ಬಾಸ್ಟನ್, ಹಾರ್ಟ್‌ಫರ್ಡ್ ನಗರಗಳಲ್ಲಿ 1906-07ರ ಸುಮಾರಿಗೆ 'ಮನೆಗೆ ಬರುವ ಶಿಕ್ಷಕಿ'ಯರು ಕಾಣಿಸಿಕೊಂಡರು. ವಲಸೆ ಬಂದ ಕಾರ್ಮಿಕರ ಮನೆಗೂ ಶಾಲೆಗೂ ನಡುವೆ ಓಡಾಡುವುದು ಅವರ ಕೆಲಸ. ಮೊದಲು ಅವರಿಗೆ ಹಣ ಕೊಟ್ಟವು ಖಾಸಗಿ ಸಂಘಗಳು. 1913ರಲ್ಲಿ ರಾಚೆಸ್ಟರ್ ನಗರದ ಶಿಕ್ಷಣ ಮಂಡಳಿ ಆ ಖರ್ಚನ್ನು ತನ್ನ ಲೆಕ್ಕಕ್ಕೆ ತೆಗೆದುಕೊಂಡಿತು. ನಮ್ಮಲ್ಲಿ ಸಮಾಜ ಕಾರ್ಯವನ್ನು ವೃತ್ತಿಯಾಗಿ ಕಲಿಸುವ ಶಾಲೆ ಮುಂಬಯಿಯಲ್ಲಿ 1936ರಲ್ಲಿ ತೆರೆಯಿತು, ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಮೂಲ ಅದೇ. ಆದರೆ ಹೆಸರಿಲ್ಲದೆ ಈ ಕೆಲಸ ಕನ್ನಡ ನೆಲದಲ್ಲಿ ಅದಕ್ಕೂ ಮುಂಚೆಯೇ ನಡೆದಿತ್ತು. 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದ ಕುದ್ಮುಲ್ ರಂಗರಾಯರು ಮಕ್ಕಳು ಮಧ್ಯದಲ್ಲಿ ಬಿಟ್ಟುಹೋಗದಂತೆ ಮಧ್ಯಾಹ್ನದ ಊಟವನ್ನೂ ದಿನಕ್ಕಿಷ್ಟು ಎಂದು ಕಾಸನ್ನೂ ಕೊಡುತ್ತಿದ್ದರು. ಮಗು ಶಾಲೆಗೆ ಬಂದರೆ ಮನೆಗೆ ಒಂದು ದುಡಿಯುವ ಕೈ ಕಡಿಮೆಯಾಗುತ್ತದೆ ಎಂಬ ಲೆಕ್ಕವನ್ನು ಅರ್ಥ ಮಾಡಿಕೊಂಡವರ ಏರ್ಪಾಡು ಅದು.

ಹೀಗಿದ್ದೂ ನಮ್ಮ ಸರ್ಕಾರಿ ಶಾಲೆಗಳಲ್ಲಿ ಇಂಥ ಹುದ್ದೆಯಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ತೆಗೆದು ನೋಡಬಹುದು. ಆರರಿಂದ ಎಂಟನೆಯ ತರಗತಿಯವರೆಗೆ 35 ಮಕ್ಕಳಿಗೆ ಒಬ್ಬರಂತೆ ಶಿಕ್ಷಕರು, ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಪೂರ್ಣಾವಧಿ ಮುಖ್ಯ ಶಿಕ್ಷಕರು, ಕಲೆ, ದೈಹಿಕ ಶಿಕ್ಷಣ ಮತ್ತು ಕಾರ್ಯ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು, ಅಲ್ಲಿಗೆ ಪಟ್ಟಿ ಮುಗಿಯುತ್ತದೆ. ನಮ್ಮ ಶಾಲೆಗೆ 2009ರಲ್ಲಿ ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ (ಎಂ.ಎಸ್.ಡಬ್ಲ್ಯು.) ಓದಿದ ಒಬ್ಬರು ಬಂದದ್ದು ಸಂಸ್ಥೆಯೊಂದರ ಯೋಜನೆಯ ದೆಸೆಯಿಂದ, ಮೂರು ವರ್ಷದ ಮಟ್ಟಿಗೆ. ಯೋಜನೆಗಳು ಬದಲಾದವು, ದಾನಿಗಳು ಬದಲಾದರು, ಒಮ್ಮೆ ಐದು ತಿಂಗಳು ಸಂಬಳವೇ ಬರಲಿಲ್ಲ. ಅವರು ಬರುವುದನ್ನು ನಿಲ್ಲಿಸಲಿಲ್ಲ.

ನೀಲಿ ಬಾಗಿಲಿನ ಮನೆ

ಬಿನ್ನವತ್ತಳೆಗೆ ಸಂಗತಿ ಬೇಕೆಂದು ಕೇಳಿದಾಗ ಅವರು ನಕ್ಕುಬಿಟ್ಟರು. ಬಹಳ ಒತ್ತಾಯಿಸಿದ ಮೇಲೆ ಕಪಾಟಿನಿಂದ ಉದ್ದ ನೋಟ್‌ಬುಕ್ಕುಗಳ ಕಟ್ಟು ತೆಗೆದು, ಅದರಲ್ಲೊಂದನ್ನು ಮಾತ್ರ, ಅದರಲ್ಲೂ ಹನ್ನೊಂದು ಪುಟಗಳನ್ನು ಮಾತ್ರ ನೋಡಲು ಕೊಟ್ಟರು. ಯಾವ ಪುಟದಲ್ಲೂ ಮಗುವಿನ ಹೆಸರಿರಲಿಲ್ಲ. ಪುಸ್ತಕ ಬೇರೆಯವರ ಕೈಗೆ ಸಿಕ್ಕರೂ ಗುರುತು ಹತ್ತಬಾರದೆಂದು ಅವರು ಮಕ್ಕಳನ್ನು ಮನೆಯ ಚಹರೆಯಿಂದ ಬರೆದಿಟ್ಟುಕೊಳ್ಳುತ್ತಿದ್ದರು: ಬೇವಿನ ಮರದ ಮನೆ, ಎರಡು ಮೆಟ್ಟಿಲಿನ ಮನೆ, ಟೈಲರ್ ಹಿಂದಿನ ಮನೆ. ನನಗೆ ತೋರಿಸಿದ್ದು 'ನೀಲಿ ಬಾಗಿಲಿನ ಮನೆ'. ಅದು 2018ರಲ್ಲಿ ಏಳನೆಯ ತರಗತಿಯಲ್ಲಿದ್ದ, ನಾನೇ ತರಗತಿ ಶಿಕ್ಷಕನಾಗಿದ್ದ ಹುಡುಗಿಯದು.

ಆ ಜುಲೈ ತಿಂಗಳಲ್ಲಿ ನನಗೆ ಗೊತ್ತಿದ್ದುದು ಇಷ್ಟೇ. ಹುಡುಗಿ ಜೂನ್‌ನಿಂದಲೇ ತಡವಾಗಿ ಬರುತ್ತಿದ್ದಳು, ತೂಕಡಿಸುತ್ತಿದ್ದಳು, ಅವಳ ಬರವಣಿಗೆ ಕೆಟ್ಟಿತ್ತು. ಐದು-ಆರನೆಯ ತರಗತಿಯಲ್ಲಿ ದುಂಡಗೆ ಬರೆಯುತ್ತಿದ್ದವಳ ಅಕ್ಷರಗಳು ಬಲಕ್ಕೆ ವಾಲಿ ಒಂದರ ಮೇಲೊಂದು ಬೀಳುತ್ತಿದ್ದವು. ಸೋಮಾರಿತನವೆಂದು ತೀರ್ಮಾನಿಸಿ ನಾನು ಒಂದು ಪದ್ಯವನ್ನು ಹತ್ತು ಸಲ ಕಾಪಿ ಬರೆದು ತರಲು ಹೇಳಿದೆ. ಮಾರನೆಯ ದಿನದಿಂದ ಅವಳು ಬರಲಿಲ್ಲ.

ಸಮಾಜ ಕಾರ್ಯಕರ್ತೆಯ ಲೆಕ್ಕದಲ್ಲಿ ಮೂರನೆಯ ದಿನ ಮುಖ್ಯ. ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ 2013ರಲ್ಲಿ ಹೈಕೋರ್ಟ್ ಕೈಗೆತ್ತಿಕೊಂಡ ಪ್ರಕರಣದ ನಂತರ ನಮ್ಮ ರಾಜ್ಯದಲ್ಲಿ ಸತತ ಏಳು ದಿನ ಗೈರಾದ ಮಗುವಿನ ವಿಚಾರದಲ್ಲಿ ಕ್ರಮ ಕೈಗೊಳ್ಳಬೇಕೆಂಬ ನಿಯಮ ಬಂದಿದೆ. ಅವರು ಅದನ್ನು ಒಪ್ಪಿಕೊಂಡೇ, ಏಳು ದಿನಕ್ಕೆ ಮಗು ಹೊಸ ದಿನಚರಿಗೆ ಒಗ್ಗಿಬಿಟ್ಟಿರುತ್ತದೆ, ಮನೆಯವರೂ ಆ ಕೂಲಿಗೆ ಒಗ್ಗಿಬಿಟ್ಟಿರುತ್ತಾರೆ, ಒಂದನೆಯ ದಿನ ಹೋದರೆ ಜ್ವರ ಎನ್ನುತ್ತಾರೆ, ಮೂರನೆಯ ದಿನ ನಿಜ ಹೇಳುತ್ತಾರೆ ಎನ್ನುತ್ತಿದ್ದರು. ಹೋಗುವಾಗ ಹಾಜರಾತಿ ಪುಸ್ತಕ ಒಯ್ಯುತ್ತಿರಲಿಲ್ಲ. ಕುರ್ಚಿ ಒಂದೇ ಇದ್ದು ಅದನ್ನು ತಮಗೇ ಹಾಕಿದರೆ ಕೂರುತ್ತಿರಲಿಲ್ಲ, ಮನೆಯವರ ಜೊತೆ ಚಾಪೆಯ ಮೇಲೆ ಕೂರುತ್ತಿದ್ದರು. ಕೊಟ್ಟ ಟೀ ಬೇಡವೆನ್ನುತ್ತಿರಲಿಲ್ಲ. ಮೊದಲ ಭೇಟಿಯಲ್ಲಿ ಶಾಲೆಯ ಮಾತನ್ನೇ ಎತ್ತುತ್ತಿರಲಿಲ್ಲ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಾಲ್ಕೇ ಸಾಲು. 'ನೀಲಿ ಬಾಗಿಲು. ಸಂಜೆ 6. ಅಮ್ಮ ಮಲಗಿದ್ದಾರೆ, ಕೆಮ್ಮು, ತಿಂಗಳ ಮೇಲಾಯಿತು. ಮಗು ಮನೆಯಲ್ಲಿಲ್ಲ, ಚಿಕ್ಕಪ್ಪನ ಘಟಕದಲ್ಲಿದೆ.' ಅದೇ ದಿನ ಘಟಕದ ಬಾಗಿಲವರೆಗೆ ಹೋಗಿ ಹುಡುಗಿಯನ್ನು ಕಂಡು, ಮಾತಾಡಿಸದೆ ಕೈಸನ್ನೆ ಮಾಡಿ ಬಂದಿದ್ದಾರೆ. ಮರುದಿನ ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ನನ್ನ ಹತ್ತಿರ ಬಂದರು. ಹುಡುಗಿ ಕೊನೆಯ ಸಲ ಒಪ್ಪಿಸಿದ್ದ ಕಾಪಿ ಪುಸ್ತಕ ನನ್ನ ಮೇಜಿನ ಮೇಲಿತ್ತು, ಅದರ ತುಂಬ ಕೆಂಪು ಶಾಯಿ. "ಸರ್, ಆ ಮಗು ಬರೆದಿದ್ದನ್ನ ಆಮೇಲೆ ನೋಡೋಣ, ಒಂದ್ಸಲ ಅದರ ಬೆರಳು ನೋಡಿ" ಎಂದರು.

ಬೆರಳನ್ನು ನಾನು ನೋಡಿದ್ದು ಎರಡು ವಾರದ ನಂತರ. ಬಲಗೈಯ ಹೆಬ್ಬೆರಳು ಮತ್ತು ಮುಂದಿನ ಎರಡು ಬೆರಳುಗಳ ತುದಿ ಬೆಳ್ಳಗೆ ಸುಕ್ಕುಗಟ್ಟಿ, ಉಗುರಿನ ಪಕ್ಕದಲ್ಲಿ ಚರ್ಮ ಬಿರಿದಿತ್ತು. ಒಂದು ಬಿರುಕಿನಲ್ಲಿ ಕೀವು ಕಟ್ಟಿತ್ತು. ಪೆನ್ನನ್ನು ಆ ಬೆರಳುಗಳಿಂದ ಒತ್ತಿ ಹಿಡಿಯಲಾಗದೆ ಅವಳು ಅದನ್ನು ಎರಡನೆಯ ಗೆಣ್ಣಿನ ನಡುವೆ ಸಿಕ್ಕಿಸಿಕೊಂಡು ಬರೆಯುತ್ತಿದ್ದಳು. ಅಕ್ಷರ ವಾಲಿದ್ದು ಅದಕ್ಕೆ. ಬೆಳಗ್ಗೆ ಐದರಿಂದ ಎಂಟೂವರೆಯವರೆಗೆ ಬೇಸಿನ್ನಿನಲ್ಲಿ ಎಳೆ ಹುಡುಕಿ, ಕೈ ಒರೆಸಿಕೊಂಡು, ನನ್ನ ತರಗತಿಗೆ ಬಂದು ಕೂರುತ್ತಿದ್ದಳು. ಅದನ್ನೇ ನಾನು ಸೋಮಾರಿತನ ಎಂದದ್ದು.

ಮುಂದಿನದನ್ನು ಆ ಹನ್ನೊಂದು ಪುಟಗಳಿಂದ ಹೀಗೆ ಜೋಡಿಸಬಹುದು. ತಾಯಿ ಅದೇ ಘಟಕದಲ್ಲಿ ಕೂಲಿಗಿದ್ದವರು, ತಂದೆ ಮನೆ ಬಿಟ್ಟು ಹೋಗಿ ವರ್ಷಗಳಾಗಿದ್ದವು. ತಾಯಿ ಕಾಯಿಲೆ ಬಿದ್ದಾಗ ಚಿಕ್ಕಪ್ಪ 18,000 ರೂಪಾಯಿ ಮುಂಗಡ ಕೊಟ್ಟು, ತಾಯಿಯ ಬದಲು ಮಗಳನ್ನು ಬೆಳಗಿನ ಹೊತ್ತು ಕೂರಿಸಿಕೊಂಡ. ಕೂಲಿಯಾಳು ಸಿಗದ ದಿನಗಳಲ್ಲಿ ಬೆಳಗಿನದು ಇಡೀ ದಿನದ್ದಾಯಿತು. ಚಿಕ್ಕಪ್ಪ ಕೆಟ್ಟವನಲ್ಲ ಎಂದು ಎರಡು ಕಡೆ ಬರೆದಿದೆ. ಅವನೂ ಸಾಲದಲ್ಲಿ ಗೂಡು ಕೊಳ್ಳುತ್ತಿದ್ದವನು.

ಎರಡನೆಯ ಭೇಟಿಯಲ್ಲಿ ಅವರು ಕೈಗೆತ್ತಿಕೊಂಡದ್ದು ಶಾಲೆಯನ್ನಲ್ಲ, ಕೆಮ್ಮನ್ನು. ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಹೋಗಿ ತಾಯಿಗೆ ಕಫ ಪರೀಕ್ಷೆ ಮಾಡಿಸಿದರು. ಕ್ಷಯವೆಂದು ತಿಳಿಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಆರು ತಿಂಗಳ ಔಷಧಿ ಉಚಿತ. ಅದೇ ವರ್ಷ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ನಿಕ್ಷಯ್ ಪೋಷಣ ಯೋಜನೆ ತಂದು, ಚಿಕಿತ್ಸೆ ಮುಗಿಯುವವರೆಗೆ ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಹಾಕುವ ಏರ್ಪಾಡು ಮಾಡಿತ್ತು. ತಾಯಿಯ ಬ್ಯಾಂಕ್ ಖಾತೆ ವ್ಯವಹಾರವಿಲ್ಲದೆ ನಿಂತುಹೋಗಿತ್ತು. ಅದನ್ನು ಚಾಲೂ ಮಾಡಿಸಿ ಆಧಾರ್ ಜೋಡಿಸಲು ಎರಡು ಪೂರ್ತಿ ದಿನ ಬ್ಯಾಂಕಿನ ಬೆಂಚಿನ ಮೇಲೆ ಕೂತದ್ದು ಪುಟದ ಅಂಚಿನಲ್ಲಿ 'ಬ್ಯಾಂಕ್, ಬ್ಯಾಂಕ್' ಎಂದು ದಾಖಲಾಗಿದೆ. ಹುಡುಗಿಗೂ ಪರೀಕ್ಷೆಯಾಗಿ ಸೋಂಕಿಲ್ಲವೆಂದು ಬಂತು. ಈ ಯಾವುದನ್ನೂ ಅವರು ನಮಗೆ ಹೇಳಲಿಲ್ಲ, ಮುಖ್ಯೋಪಾಧ್ಯಾಯರಿಗೆ ಮಾತ್ರ ಹೇಳಿದರು. ಕ್ಷಯವೆಂಬ ಮಾತು ಸ್ಟಾಫ್ ರೂಮಿಗೆ ಬಂದರೆ ಸಂಜೆಯೊಳಗೆ ಕೇರಿಗೆ ಹೋಗುತ್ತದೆ, ಆಮೇಲೆ ಆ ಮಗುವಿನ ಪಕ್ಕ ಯಾರೂ ಕೂರುವುದಿಲ್ಲ ಎಂಬುದು ಅವರ ಅಂದಾಜು. ತರಗತಿ ಶಿಕ್ಷಕನಿಂದಲೇ ಮುಚ್ಚಿಟ್ಟರಲ್ಲ ಎಂದು ಆಗ ನನಗೆ ಸಿಟ್ಟು ಬಂದಿತ್ತು. ಸ್ಟಾಫ್ ರೂಮಿನಲ್ಲಿ ಏನೇನು ಮಾತಾಗುತ್ತದೆಂದು ಅರಿತವನಾಗಿ ಈಗ ಆ ಸಿಟ್ಟಿಗೆ ಸಮರ್ಥನೆ ಹುಡುಕುವುದಿಲ್ಲ.

ಮೂರನೆಯ ಭೇಟಿ ಚಿಕ್ಕಪ್ಪನೊಡನೆ. ಈ ಪ್ರಕರಣದಲ್ಲಿ ಚರ್ಚೆಗೆ ಆಸ್ಪದವಿರುವುದು ಇಲ್ಲಿ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ 14 ವರ್ಷದೊಳಗಿನ ಮಕ್ಕಳನ್ನು ಯಾವುದೇ ಕೆಲಸಕ್ಕೆ ಇಟ್ಟುಕೊಳ್ಳುವುದನ್ನು ನಿಷೇಧಿಸಿತು. ಅದರ ಜೊತೆಗೇ, ಅಪಾಯಕಾರಿ ಎಂದು ಪಟ್ಟಿ ಮಾಡದ ಕೌಟುಂಬಿಕ ಉದ್ಯಮದಲ್ಲಿ ದಿನದ ಶಾಲಾ ಅವಧಿ ಮುಗಿದ ಮೇಲೆ ಅಥವಾ ರಜೆಯಲ್ಲಿ ಮಗು ನೆರವಾಗಬಹುದು ಎಂಬ ವಿನಾಯಿತಿಯನ್ನೂ ಇಟ್ಟಿತು, ಕುಟುಂಬ ಎಂಬುದರಲ್ಲಿ ತಂದೆಯ ಮತ್ತು ತಾಯಿಯ ಒಡಹುಟ್ಟಿದವರನ್ನೂ ಸೇರಿಸಿತು. ಚಿಕ್ಕಪ್ಪ ಕಾನೂನು ಓದಿದವನಲ್ಲ, ಆದರೆ "ನಮ್ಮನೆ ಮಗು, ನಮ್ಮನೆ ಕೆಲಸ, ಇದರಲ್ಲೇನಿದೆ ಮೇಡಂ" ಎಂದು ಅವನು ಹೇಳಿದ ಮಾತು ಕಾನೂನಿನ ಆ ಸಂದಿಗೆ ಸರಿಯಾಗಿ ಹೊಂದಿಕೊಳ್ಳುತ್ತಿತ್ತು. ನಾನು ಮತ್ತು ಇನ್ನಿಬ್ಬರು ಸಹೋದ್ಯೋಗಿಗಳು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಕಾರ್ಮಿಕ ಇಲಾಖೆಗೆ ತಿಳಿಸಿ ಎಂದೆವು. ಅವರು ಕೂಡಲೇ ಒಪ್ಪಲಿಲ್ಲ. ದಾಳಿಯಾದರೆ ಘಟಕ ಮುಚ್ಚುತ್ತದೆ, ತಾಯಿ ವಾಸಿಯಾಗಿ ಮರಳುವ ಕೆಲಸವೂ ಹೋಗುತ್ತದೆ, ಮುಂಗಡ ಮಾತ್ರ ಉಳಿಯುತ್ತದೆ ಎಂಬುದು ಅವರ ವಾದ. ಶಾಲೆಯ ಅವಧಿಯಲ್ಲೂ ಬೆಳಗಿನ ಹೊತ್ತಿನಲ್ಲೂ ಮಗು ಬೇಸಿನ್ನಿಗೆ ಕೈ ಹಾಕಕೂಡದು, ಕೈ ವಾಸಿಯಾಗುವವರೆಗೆ ನೀರೇ ಮುಟ್ಟಕೂಡದು, ಒಂದು ದಿನ ತಪ್ಪಿದರೂ ನಾನೇ ದೂರು ಕೊಡುತ್ತೇನೆ ಎಂದು ಅವನಿಂದ ಮಾತು ತೆಗೆದುಕೊಂಡರು. ಸಂಜೆ ಒಂದು ಗಂಟೆ ನೂಲಿನ ಲಡಿ ಕಟ್ಟುವ ಒಣ ಕೆಲಸಕ್ಕೆ ಬಿಟ್ಟುಕೊಟ್ಟರು.

ಆ ಒಂದು ಗಂಟೆಯನ್ನು ನಾನು ಅಂದು ಒಪ್ಪಿರಲಿಲ್ಲ, ಇಂದೂ ಪೂರ್ತಿ ಒಪ್ಪುವುದಿಲ್ಲ. ಹನ್ನೆರಡು ವರ್ಷದ ಮಗುವಿನ ದುಡಿಮೆಯಲ್ಲಿ ಚೌಕಾಶಿ ಮಾಡುವುದು ಶಾಲೆಯ ಕಡೆಯವರು ಮಾಡುವ ಕೆಲಸವಲ್ಲ. ಹಾಗೆಂದು ಫೋನ್ ಮಾಡಿದ್ದರೆ ಅವಳು ಓದು ಮುಗಿಸುತ್ತಿದ್ದಳೆಂದು ನಾನು ಆಣೆ ಮಾಡಲಾರೆ. ನಮ್ಮ ತಾಲ್ಲೂಕಿನಲ್ಲಿ ದಾಳಿಯ ಮರುದಿನವೇ ಮಕ್ಕಳನ್ನು ಬೇರೆ ಊರಿನ ನೆಂಟರ ಮನೆಗೆ ಸಾಗಿಸಿದ್ದನ್ನು ಕಂಡಿದ್ದೇವೆ. ಹುಡುಗಿ ಆಗಸ್ಟ್ ಮೊದಲ ವಾರ ತರಗತಿಗೆ ಮರಳಿದಳು. ತಾಯಿ ಮುಂದಿನ ವರ್ಷದ ಫೆಬ್ರವರಿಯಲ್ಲಿ ಚಿಕಿತ್ಸೆ ಮುಗಿಸಿದರು, ಸ್ತ್ರೀಶಕ್ತಿ ಸಂಘದ ಸಾಲ ಎತ್ತಿ ಮುಂಗಡ ತೀರಿಸಿದರು, ಸಂಜೆಯ ಆ ಒಂದು ಗಂಟೆಯೂ ಅಲ್ಲಿಗೆ ನಿಂತಿತು. ನೋಟ್‌ಬುಕ್ಕಿನ ಕೊನೆಯ ಸಾಲು ಹೀಗಿದೆ: 'ನೀಲಿ ಬಾಗಿಲು. ಹೋಗಲಿಲ್ಲ. ಬೇಕಿಲ್ಲ.'

ಸ್ಟಾಫ್ ರೂಮಿನಲ್ಲಿ ಆದದ್ದು

ಮಕ್ಕಳ ಮೇಲಿನ ಪರಿಣಾಮಕ್ಕೆ ಈ ಒಂದು ಪ್ರಕರಣ ಸಾಕ್ಷಿಯಾದರೆ, ನಮ್ಮ ಮೇಲಾದದ್ದು ಇನ್ನೂ ನಿಧಾನದ್ದು, ನಮ್ಮ ಅರಿವಿಗೂ ಬಾರದ್ದು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಅವರು ಬಿಸಿಯೂಟದ ಅಡುಗೆಯವರಿಂದ ಟೀ ಮಾಡಿಸಿ, ಇಪ್ಪತ್ತು ನಿಮಿಷ ಕೂತು ಹೋಗಿ ಎನ್ನುತ್ತಿದ್ದರು. ಮೊದಲ ಎರಡು ವರ್ಷ ನಾವು ಬಸ್ಸಿನ ನೆಪ ಹೇಳಿ ಹೊರಟುಬಿಡುತ್ತಿದ್ದೆವು, ಕೂತು ಕೇಳುತ್ತಿದ್ದವರು ಅಡುಗೆಯವರಿಬ್ಬರೇ. ಅದರಿಂದಲೇ ಒಂದು ಉಪಯೋಗವಾಯಿತು. ಸೋಮವಾರ ಮಧ್ಯಾಹ್ನ ಮೂರನೆಯ ಸಲ ಅನ್ನ ಕೇಳುವ ಮಗು ಯಾವುದು, ತಟ್ಟೆಯ ಮೊಟ್ಟೆಯನ್ನು ಜೇಬಿಗೆ ಹಾಕಿಕೊಳ್ಳುವ ಮಗು ಯಾವುದು ಎಂದು ಬಡಿಸುವವರಿಗೆ ಗೊತ್ತಿರುತ್ತದೆ, ಪಾಠ ಮಾಡುವವರಿಗೆ ಗೊತ್ತಿರುವುದಿಲ್ಲ. ಭಾನುವಾರ ಒಲೆ ಉರಿಯದ ಮನೆಗಳ ಪಟ್ಟಿ ಸಮಾಜ ಕಾರ್ಯಕರ್ತೆಗೆ ಸಿಕ್ಕಿದ್ದು ಅಡುಗೆಮನೆಯಿಂದ. ಕ್ರಮೇಣ ನಾವೂ ಕೂರತೊಡಗಿದೆವು. ಬಾಕಿ ಫೋಟೊ, ಬಾಕಿ ಜಾತಿ ಪ್ರಮಾಣಪತ್ರ ಎಂದು ಪ್ರಾರ್ಥನೆಯ ಸಾಲಿನಲ್ಲಿ ಮಕ್ಕಳ ಹೆಸರು ಕೂಗುವ ಪದ್ಧತಿಯನ್ನು ಮುಖ್ಯೋಪಾಧ್ಯಾಯರು ಯಾರ ಆದೇಶವೂ ಇಲ್ಲದೆ ನಿಲ್ಲಿಸಿದರು. ಕೋಲಿನ ಬಗ್ಗೆ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣ ಏನು ಹೇಳುತ್ತದೆಂದು ನಮಗೆಲ್ಲ ತರಬೇತಿಯಲ್ಲಿ ಹೇಳಿದ್ದರು, ಆದರೂ ಕೋಲು ಕಪಾಟಿನಲ್ಲೇ ಇತ್ತು. ಅದು ಕಾಣೆಯಾದದ್ದು ಒಂದು ಶನಿವಾರದ ನಂತರ, ಅಂದು ಅವರು ಕೋಲಿನ ಮಾತೇ ಎತ್ತಿರಲಿಲ್ಲ, ನಮ್ಮಲ್ಲಿ ಯಾರ್ಯಾರಿಗೆ ಚಿಕ್ಕಂದಿನಲ್ಲಿ ಯಾತಕ್ಕೆ ಏಟು ಬಿದ್ದಿತ್ತು ಎಂದು ಕೇಳಿದ್ದರು, ಅಷ್ಟೇ.

ಹೊಸದಾಗಿ ಬಂದ ಗಣಿತ ಶಿಕ್ಷಕಿಯೊಬ್ಬರು ಊರು ಬಿಟ್ಟು, ಒಂದು ವರ್ಷದ ಕೂಸನ್ನು ತವರಿನಲ್ಲಿ ಬಿಟ್ಟು ಬಂದವರು. ಅವರು ಸ್ಟೋರ್ ರೂಮಿನಲ್ಲಿ ಅಕ್ಕಿಮೂಟೆಗಳ ನಡುವೆ ಅಳುತ್ತಿದ್ದುದನ್ನು ನಾವು ಕಂಡೂ ಕಾಣದಂತೆ ಇದ್ದೆವು, ಹೆಂಗಸರ ವಿಷಯವೆಂದು. ಸಮಾಜ ಕಾರ್ಯಕರ್ತೆ ಒಂದು ವಾರ ಅವರೊಡನೆ ಅಲ್ಲಿಯೇ ಮೂಟೆಯ ಮೇಲೆ ಕೂತು ಊಟ ಮಾಡಿದರು. ಆ ಶಿಕ್ಷಕಿ ಈಗ ಬೇರೆ ತಾಲ್ಲೂಕಿನಲ್ಲಿದ್ದಾರೆ, ಮೂರನೆಯ ದಿನದ ಭೇಟಿಯನ್ನು ಅಲ್ಲಿಗೂ ಒಯ್ದಿದ್ದಾರೆ. 2020ರ ಆಗಸ್ಟ್‌ನಲ್ಲಿ ಶಾಲೆಗಳು ಮುಚ್ಚಿದ್ದು, ವಿದ್ಯಾಗಮ ಕಾರ್ಯಕ್ರಮದಡಿ ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡಿ ಎಂದು ಆದೇಶ ಬಂದಾಗ, ನಮ್ಮ ಆನ್‌ಲೈನ್ ದಾಖಲೆಯಲ್ಲಿದ್ದ ವಿಳಾಸಗಳಲ್ಲಿ ಎಷ್ಟೋ ಮಕ್ಕಳು ಇರಲೇ ಇಲ್ಲ. ಯಾವ ಮಗು ಯಾವ ಓಣಿಯಲ್ಲಿ ಬಾಡಿಗೆಗಿದೆ ಎಂಬುದು ಗೊತ್ತಿದ್ದುದು ಆ ಉದ್ದ ನೋಟ್‌ಬುಕ್ಕುಗಳಿಗೆ ಮಾತ್ರ. ಅಕ್ಟೋಬರ್‌ನಲ್ಲಿ ಕಾರ್ಯಕ್ರಮ ನಿಂತಿತು, ಅವರ ಓಡಾಟ ನಿಲ್ಲಲಿಲ್ಲ.

ಎಲ್ಲವೂ ಕೈಗೂಡಿತೆಂದು ಬರೆದರೆ ಅದು ಮತ್ತೆ ಬಿನ್ನವತ್ತಳೆಯಾಗುತ್ತದೆ. 'ಎರಡು ಮೆಟ್ಟಿಲಿನ ಮನೆ'ಯ ಹುಡುಗನಿಗಾಗಿ ಅವರು ಒಂಬತ್ತು ಸಲ ಹೋದರು. ಹತ್ತನೆಯ ಸಲ ಮನೆಗೆ ಬೀಗ ಬಿದ್ದಿತ್ತು, ಮನೆಯವರು ರಾತ್ರೋರಾತ್ರಿ ಊರು ಬಿಟ್ಟಿದ್ದರು, ಟಿ.ಸಿ. ಕೇಳಿಕೊಂಡು ಯಾವ ಶಾಲೆಯಿಂದಲೂ ಪತ್ರ ಬರಲಿಲ್ಲ. ಆ ಪುಟವನ್ನು ಅವರು ಮುಗಿಸದೆ ಬಿಟ್ಟಿದ್ದಾರೆ. ತಮ್ಮ ತಪ್ಪೆಂದರೆ ಎಲ್ಲವನ್ನೂ ಒಬ್ಬರೇ ಹೊತ್ತದ್ದು ಎಂದು ಅವರೇ ಒಮ್ಮೆ ಹೇಳಿದರು. ಅದು ನಿಜವೂ ಹೌದು. ಗುಟ್ಟು ಕಾಯುವ ಅವರ ಹಟದಿಂದ ಮಕ್ಕಳಿಗೆ ಒಳ್ಳೆಯದಾಯಿತು, ಆದರೆ ಅವರು ರಜೆ ಹಾಕಿದ ದಿನ ಯಾವ ಮನೆಯ ಎಳೆ ಎಲ್ಲಿ ತುಂಡಾಗಿದೆ ಎಂದು ಹೇಳಲು ಶಾಲೆಯಲ್ಲಿ ಬೇರೊಬ್ಬರಿರುತ್ತಿರಲಿಲ್ಲ.

ಬೀಳ್ಕೊಡುಗೆ

ಶಿಕ್ಷಕರ ಸಭೆಯಲ್ಲಿ ತಲಾ ಸಾವಿರ ಹಾಕಿ ಬೆಳ್ಳಿಯ ದೀಪ ಕೊಡುವುದೆಂದೂ, ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ ಇರತಕ್ಕದ್ದೆಂದೂ ತೀರ್ಮಾನವಾಗಿತ್ತು. ಹೆಂಗಸರಿಗೆ ಪೇಟ ತೊಡಿಸುವುದು ಹೇಗೆ ಎಂಬ ಚರ್ಚೆಗೇ ಕಾಲು ಗಂಟೆ ಹೋಯಿತು. ವಿಷಯ ಕಿವಿಗೆ ಬಿದ್ದಾಗ ಅವರು ಬಂದು, ಶಾಲು ಹೊದಿಸಿ, ಬೇಡವೆನ್ನುವುದಿಲ್ಲ, ದೀಪದ ದುಡ್ಡಿನ ಬದಲು ನನಗೊಂದು ಪೀರಿಯಡ್ ಕೊಡಿ ಎಂದರು. ಅವರು ಕೇಳಿದ್ದು ಇದು: ವೇಳಾಪಟ್ಟಿಯಲ್ಲಿ ಪ್ರತಿ ತರಗತಿ ಶಿಕ್ಷಕರಿಗೆ ವಾರಕ್ಕೊಂದು ಕೊನೆಯ ಪೀರಿಯಡ್ ಬಿಡುವು ಬರೆಯಬೇಕು, ಆ ಹೊತ್ತಿನಲ್ಲಿ ಅವರು ಗೈರಾದ ಮಗುವಿನ ಮನೆಗೆ ಹೋಗಬೇಕು, ಹೋಗಿ ಬಂದದ್ದನ್ನು ಒಂದು ಪುಸ್ತಕದಲ್ಲಿ ಹೆಸರಿಲ್ಲದೆ ಬರೆಯಬೇಕು. ತಮ್ಮ ಜಾಗಕ್ಕೆ ಸಂಸ್ಥೆ ಇನ್ನೊಬ್ಬರನ್ನು ಕಳಿಸುವುದಿಲ್ಲವೆಂದು ಅವರಿಗೆ ಆಗಲೇ ಗೊತ್ತಿತ್ತು.

ಸಮಾರಂಭ ನಡೆಯಿತು. ಹಾರ, ಶಾಲು ಎಲ್ಲ ಆಯಿತು. ಮುಖ್ಯೋಪಾಧ್ಯಾಯರು ತಿದ್ದಿದ ವೇಳಾಪಟ್ಟಿಯನ್ನು ಓದಿ, ಚೌಕಟ್ಟು ಹಾಕಿಸಿ ಕೈಗಿತ್ತರು. ಹಳೆಯ ವಿದ್ಯಾರ್ಥಿಗಳು ಬಹಳ ಮಂದಿ ಬಂದಿದ್ದರು, ವೇದಿಕೆಗೆ ಬಂದು ಮಾತಾಡಲು ಒಬ್ಬರೂ ಒಪ್ಪಲಿಲ್ಲ. ಮಾತಾಡಬೇಕಾದರೆ ತಮ್ಮ ಮನೆಯ ಕತೆ ಹೇಳಬೇಕಾಗುತ್ತಿತ್ತು. ಅವರೆಲ್ಲ ಹಿಂದಿನ ಸಾಲಿನಲ್ಲಿ ನಿಂತು, ಮುಗಿದ ಮೇಲೆ ಒಬ್ಬೊಬ್ಬರಾಗಿ ಬಂದು "ಅಕ್ಕ" ಎಂದು ಮಾತಾಡಿಸಿ ಹೋದರು.

ಬಿಡುವಿನ ಪೀರಿಯಡ್ ಮೊದಲ ವರ್ಷ ಚೆನ್ನಾಗಿ ನಡೆಯಿತು. ಎರಡನೆಯ ವರ್ಷ ವರ್ಗಾವಣೆಯಲ್ಲಿ ಇಬ್ಬರು ಹೋದರು, ಒಂದು ಜಾಗಕ್ಕೆ ಅತಿಥಿ ಶಿಕ್ಷಕರು ಬಂದರು, ಏಳನೆಯ ತರಗತಿಯ ಬಿಡುವು ಗಣಿತಕ್ಕೆ ಹೋಯಿತು. ನಾನೂ ನಿವೃತ್ತನಾದೆ. ಈಗ ಐದು ಮತ್ತು ಆರನೆಯ ತರಗತಿಯಲ್ಲಿ ಮಾತ್ರ ಅದು ಉಳಿದಿದೆ. ಪುಸ್ತಕದಲ್ಲಿ ನಾನು ಕೊನೆಯ ಸಲ ನೋಡಿದ ನಮೂದು 'ನೀರಿನ ಟ್ಯಾಂಕಿನ ಎದುರು ಮನೆ' ಎಂಬುದು, ಕೈಬರಹ ಯಾರದೆಂದು ನನಗೆ ತಿಳಿಯಲಿಲ್ಲ.

ಬಿನ್ನವತ್ತಳೆಯನ್ನು ನಾನು ಕೊನೆಗೂ ಬರೆದಿದ್ದೆ, ಅದರಲ್ಲಿ 'ಶಾಲೆ ತೊರೆದ ಮಕ್ಕಳನ್ನು ಕೈಹಿಡಿದು ಕರೆತಂದವರು' ಎಂಬ ಸಾಲಿತ್ತು. ಈ ಅಧ್ಯಯನದ ಜೊತೆ ಅದರ ಪ್ರತಿಯನ್ನೂ ನೀಲಿ ಬಾಗಿಲಿನ ಮನೆಯ ಹುಡುಗಿಗೆ ಕೊಟ್ಟಿದ್ದೆ. ಕರಡಿನಲ್ಲಿ ನಾನು 15,000 ಎಂದು ಬರೆದಿದ್ದ ಮುಂಗಡವನ್ನು ಅವಳು 18,000 ಎಂದು ತಿದ್ದಿದ್ದಳು. ಆ ಸಾಲಿನ ಕೆಳಗೆ ಗೆರೆ ಎಳೆದು, ಇಂದಿಗೂ ಕೊಂಚ ಬಲಕ್ಕೆ ವಾಲುವ ಅಕ್ಷರದಲ್ಲಿ ಹೀಗೆ ಬರೆದಿದ್ದಳು: 'ಸರ್, ಅಕ್ಕ ಕರ್ಕೊಂಡು ಬರಲಿಲ್ಲ. ಮೂರು ಸಲ ಬಂದು ಹೋದರು. ನಾಲ್ಕನೇ ಸಲ ಬರಬೇಕಾದ ದಿನ ಬೆಳಗ್ಗೆ ನಾನೇ ಬಂದೆ.'